ಹೊಟ್ಟೆ ಮೇಲಾಗಿ

ಅರಸೀಕೆರೆಯ ಸಬ್ ರಿಜಿಸ್ಟ್ರಾರ್ ಆಫೀಸಿನೆದುರು
ಮೂರನೇ ಅಂಗಡಿ. ಬೋರ್ಡಿನ ಮೇಲೆ ಸಾಹುಕಾರರ ಹೆಸರು,
ಬೆರಳು ನನ್ನವು.
ಇಪ್ಪತ್ತಾರು ವರ್ಷದಿಂದ ತಾಲ್ಲೂಕಿನ ಚೆಕ್ಕುಬಂದಿಯೆಲ್ಲ
ಈ ಹತ್ತರ ಸಂದಿಯಲ್ಲೇ ಹಾದುಹೋಗಿದೆ:
ಪೂರ್ವಕ್ಕೆ ತಿಮ್ಮಾಬೋವಿಯ ತೆಂಗಿನ ತೋಟ,
ಪಶ್ಚಿಮಕ್ಕೆ ಓಣಿ,
ಉತ್ತರಕ್ಕೆ ಇದೇ ನಂಬರಿನ ಉಳಿಕೆ ಜಮೀನು.
ದಕ್ಷಿಣದಲ್ಲಿ ಯಾವಾಗಲೂ ಏನೋ ತಕರಾರು.

ಹಳೇ ಕೀಬೋರ್ಡಿನ ವೈರನ್ನು ಇಲಿ ಕಡಿದ ಮೇಲೆ
ಹೊಸದು ಬಂತು, ಬಾಲವಿಲ್ಲದ್ದು;
ಜೊತೆಗೊಂದು ಮೌಸು, ಅದೂ ಮೋಟು.
"ಈಗ ಕಡೀಲಿ ನೋಡಾಣ" ಎಂದರು ಸಾಹುಕಾರರು
ಅಟ್ಟದ ಕಡೆ ಮುಖ ಮಾಡಿ.

ಡಬ್ಬಿಯೊಳಗೆ ಹತ್ತು ಮಡಿಕೆಯ ಕಾಗದ,
ಹನ್ನೊಂದು ಭಾಷೆ, ನಮ್ಮದಿಲ್ಲ.
ಪಕ್ಕದ ಮೊಬೈಲ್ ಅಂಗಡಿಯ ಇಮ್ತಿಯಾಜ್ ಓದಿ ಹೇಳಿದ,
ಬಾಣಂತಿಗೆ ಪಥ್ಯ ಹೇಳುವ ಅಜ್ಜಿಯ ಗತ್ತಲ್ಲಿ:
ಮೊದಲ ದಿನ ಹೊಟ್ಟೆ ತುಂಬ ಕೊಡಿ ಅಕ್ಕಾ,
ಆಮೇಲೆ ದಿನಾ ಬಿರಿಯೋ ಹಂಗೆ ಬೇಡ, ಎಂಬತ್ತಕ್ಕೆ ಎಬ್ಬಿಸಿಬಿಡಿ.
ಪೂರ್ತಿ ಬರಿದಾಗೋಕೂ ಬಿಡಬಾರದು,
ಕೆಂಪು ಮಿಣುಕಿದರೆ ಕೇಳ್ಕೊಳಿ.
ರಾತ್ರಿಯಿಡೀ ಸಿಗಿಸಿ ಮನೆಗೆ ಹೋಗಬೇಡಿ.
ಕಿಟಕಿ ಬಿಸಿಲಿಗೆ ಇಡಬೇಡಿ, ಸೆಕೆಗೇ ಇದಕ್ಕೆ ಮುಪ್ಪು.
ಊರಿಗೆ ಹೋಗೋದಾದ್ರೆ ಅರ್ಧ ಹೊಟ್ಟೇಲಿ ಮಲಗಿಸಿ, ಗುಂಡಿ ಆರಿಸಿ.
ಎಷ್ಟು ವರ್ಷ ಬದುಕುತ್ತೋ? ಅಂದೆ.
ವರ್ಷ ಅಲ್ಲ, ಊಟ ಎಣಿಸ್ಬೇಕು ಅಕ್ಕಾ,
ಐನೂರು ಊಟ ಉಂಡ್ರೆ ಹೆಚ್ಚು.

ಗುರುವಾರ ಮೂವರು ಅಣ್ಣತಮ್ಮಂದಿರು ಬಂದರು,
ಜೊತೆಗೆ ತಂಗಿ ಸಾವಂತ್ರಮ್ಮ,
ಕಡೂರಿನಿಂದ ಬೆಳಗಿನ ರೈಲಿಗೆ ಹತ್ತಿದವಳು.
ಹಕ್ಕು ಖುಲಾಸೆ ಪತ್ರ.
ಎರಡನೇ ಪುಟಕ್ಕೆ ಮೌಸು ಕೆಂಪು ಮಿಣುಕಿತು.
ಇನ್ನೊಂದು ಸಾಲು ಅಂದೆ, ಇನ್ನೊಂದೇ ಸಾಲು,
ನನ್ನ ಹಳೇ ಚಾಳಿ.
ಬಾಣ ಪರದೆಯ ನಡುವೆ
"ಸ್ವಸಂತೋಷದಿಂದ" ಎಂಬ ಮಾತಿನ ಮೇಲೆ
ನಿಂತೇಬಿಟ್ಟಿತು.

ವೈರು ಸಿಗಿಸೋಣವೆಂದರೆ ತೂತು ಅದರ ಹೊಟ್ಟೆಯಲ್ಲಿ!
ಮಗುಚಿ ಮಲಗಿಸಬೇಕು, ಬೆನ್ನಿಗೆ ಬಿದ್ದ ಜೀರುಂಡೆ ಹಾಗೆ.
ಉಣ್ಣುವಾಗ ಕೆಲಸವಿಲ್ಲ ಅದಕ್ಕೆ.
ಯಾರು ಮಾಡಿದರೋ ಇದನ್ನು,
ದಡ್ಡರೋ ಪುಣ್ಯವಂತರೋ.
ಬಲಗೈಲಿ ತುತ್ತು, ಎಡಗೈಲಿ ಒತ್ತಕ್ಷರ,
ಹಾಗೇ ಉಂಡವಳು ನಾನು ಇಷ್ಟು ಕಾಲ.

"ಕಾಲು ಗಂಟೆ" ಅಂದೆ. ಅಣ್ಣತಮ್ಮಂದಿರು ಟೀಗೆ ಹೋದರು.
ಬುತ್ತಿ ಬಿಚ್ಚಿದೆ: ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ.
ಮುರಿದು ಅವಳ ಮುಂದೂ ಇಟ್ಟೆ.
ತಿಂದಳು. ನೀರು ಕುಡಿದಳು.
ಸೆರಗಲ್ಲಿ ಬಾಯೊರೆಸಿಕೊಂಡು
"ಅದ್ರಾಗೆ ಏನು ಬರ್ದೈತೆ, ಓದವ್ವಾ" ಅಂದಳು.
ಮೊದಲಿಂದ ಓದಿದೆ, ದಕ್ಷಿಣದವರೆಗೂ.
ಅಲುಗದೆ ಕೇಳಿದಳು.
"ಸಂತೋಷ ಅಂದ್ಯಲ್ಲ,
ಅಲ್ಲಿ ಇನ್ನೊಂದ್ಸಲ."

ಮೌಸು ಹಸಿರಾಗುವ ಹೊತ್ತಿಗೆ
ಬೆಂಚಿನ ಮೇಲೆ ಅವಳಿರಲಿಲ್ಲ.
ಟೀ ಅಂಗಡಿ ಕಡೆ ದನಿ ಏರಿತು, ಹೆಣ್ಣುದನಿಯೇ ಹೆಚ್ಚು,
ಅಷ್ಟರಲ್ಲಿ ರೈಲು ಕೂಗಿ ಏನೂ ಕೇಳಿಸಲಿಲ್ಲ.
ಫೈಲನ್ನು ಅವಳ ಹೆಸರಿನಲ್ಲಿ ಉಳಿಸಿದೆ.
ಅರ್ಧ ಪತ್ರದ ದುಡ್ಡು ಯಾರ ಲೆಕ್ಕಕ್ಕೆ ಎಂದು
ಸಾಹುಕಾರರು ಇನ್ನೂ ಕೇಳುತ್ತಿದ್ದಾರೆ.

ಈಗ ದಿನಾ ಒಂದು ಗಂಟೆಗೆ ಮೌಸು ಮಗುಚುತ್ತೇನೆ.
"ಅದು ಊಟಕ್ಕೆ ಬಿದ್ದಿದೆ, ಕೂತಿರಿ" ಅಂತೀನಿ ಬಂದವರಿಗೆ.
ದಿನಾ ಚಾರ್ಜಿಗೆ ಹಾಕಿದ್ರೆ ಐನೂರು ಬೇಗ ಮುಗಿಯುತ್ತೆ ಅಕ್ಕಾ,
ಬೈಯುತ್ತಾನೆ ಇಮ್ತಿಯಾಜ್.
ವೈರು ಸಿಗಿಸಿರುವುದಿಲ್ಲ,
ಬರೀ ಮಗುಚಿರುತ್ತೇನೆ.
ಅವನಿಗೆ ಹೇಳಿಲ್ಲ.