ಎಪ್ಪತ್ತೆರಡರಲ್ಲೊಂದು

ಬೀದರಿನ ಚೌಬಾರದ ಹಿಂದಿನ ಓಣಿಯಲ್ಲಿ ನನ್ನ ಗಡಿಯಾರದಂಗಡಿ.
ಕೀಲಿ ಕೊಡುವ ಬೆರಳುಗಳು ಊರಲ್ಲಿ ಉಳಿದಿಲ್ಲ,
ಸೆಲ್ ಬದಲಿಸಿ ಐವತ್ತು ರೂಪಾಯಿ ಇಸಿದುಕೊಳ್ಳುವುದೇ ಈಗ ಕಸುಬು.
ಚಿಮಟ, ಭೂತಗನ್ನಡಿ, ಕೂದಲೆಳೆಯ ಬ್ರಷ್ಷು
ಸುಮ್ಮನೆ ಕೂತಿದ್ದವು ನನ್ನ ಹಾಗೆಯೇ
ಝರೆಪ್ಪ ಕಾಕಾ ಆ ಡಬ್ಬಿ ತಂದಿಡುವ ತನಕ.

ಮುಚ್ಚಳದ ಮೇಲೆ ಬೆಂಕಿ ಉಗುಳುವ ನ್ಯಾಟ್ ವಿಮಾನ.
ಒಳಗೆ ಬೂದು ಪ್ಲಾಸ್ಟಿಕ್ಕಿನ ಚೂರುಗಳು,
ರೆಂಬೆಗೆ ಕಚ್ಚಿಕೊಂಡ ಎಳೆ ಹುಣಸೆಕಾಯಿಯಂತೆ.
"ಮೊಮ್ಮಗ ತಂದಾನ. ನನ್ನ ಕೈ ನಡಗ್ತಾವ.
ನೀ ಮಾಡು, ನಾ ಕುಂತು ನೋಡ್ತೀನಿ."

ಎಪ್ಪತ್ತೊಂದರಲ್ಲಿ ಕಾಕಾ ಹಾರಿದವನಲ್ಲ,
ಹಾರುವುದರ ಹೊಟ್ಟೆ ಒರೆಸಿದವನು.
ರಿವೆಟ್ ಎಣಿಸಿದವನು,
ಮಸಿಬಟ್ಟೆಯನ್ನೇ ದಿಂಬು ಮಾಡಿ
ರೆಕ್ಕೆಯ ನೆರಳಲ್ಲಿ ನಿದ್ದೆ ಹೋದವನು.

ಎಪ್ಪತ್ತೆರಡರಲ್ಲೊಂದು ಪಾಲು, ಎನ್ನುತ್ತದೆ ಸೂಚನೆಯ ಹಾಳೆ.
ಆ ಲೆಕ್ಕದಲ್ಲಿ ಕಾಕಾ ಎದ್ದು ನಿಂತರೆ ಎರಡೂಕಾಲು ಸೆಂಟಿಮೀಟರು.
ಅವನು ಕುಡಿದ ಚಹಾ ಎಷ್ಟು ಹನಿ?
ಸೈರನ್ ಎಷ್ಟು ಸಣ್ಣಗೆ ಕೂಗೀತು?
ಅದನ್ನು ಹಾಳೆ ಹೇಳುವುದಿಲ್ಲ.

ಹತ್ತು ಗಂಟೆಗೆ ತರಬೇತಿಯ ಜೆಟ್‌ಗಳು ಏಳುತ್ತವೆ,
ಅಂಗಡಿಯ ಗಾಜು ಗುಂಯ್ ಎನ್ನುತ್ತದೆ,
ನಿಂತ ಗಡಿಯಾರಗಳೂ ಒಂದು ಕ್ಷಣ ಟಿಕ್ ಅಂದಂತೆ.
ಒಂದು ದಿನ ಅದೇ ಹೊತ್ತಿಗೆ ಗೋಂದು ಸುರಿದು
ರೆಕ್ಕೆ ಬೆರಳಿಗಂಟಿತು.
ಕಾಕಾ ನಕ್ಕ: "ಈಗ ನೀನೂ ಖರೇ ಫಿಟ್ಟರ್ ಆದಿ."

ಬಣ್ಣಕ್ಕೆ ಮೂರು ದಿನ ಜಗಳ.
"ಈ ಹಸರಲ್ಲೋ."
"ಮತ್ಯಾವುದು?"
ಓಣಿಗೆ ಕಣ್ಣು ಹಾಯಿಸಿ ಕೊನೆಗೆ ತೋರಿಸಿದ:
ಗಫೂರನ ಟಂಟಂ ಮೇಲಿನ ತಾಡಪತ್ರಿ,
ಅದೂ ಒಳಮಗ್ಗುಲು, ಬಿಸಿಲು ಬಡಿಯದ ಕಡೆ.
ಕಂದು? ಕೋಟೆ ಕಂದಕದ ಮುರಕಲ್ಲು,
ಮೊದಲ ಮಳೆಗೆ ತೊಯ್ದು ಅರ್ಧ ಒಣಗಿದಾಗ.
ನಾನು ಬಾಟಲಿ ಹಿಡಿದು ಟಂಟಂ ಸುತ್ತ ತಿರುಗುವುದನ್ನು ಕಂಡು
ಗಫೂರ, ಗಾಡಿ ಕೊಳ್ಳುವ ಗಿರಾಕಿಯೆಂದು ಬೆಲೆ ಹೇಳತೊಡಗಿದ.

ಮೂತಿಯ ಸೂಜಿ ಡಬ್ಬಿಯಲ್ಲೇ ಮುರಿದಿತ್ತು.
ಬಿದರಿ ಕೆತ್ತುವ ಮಕ್ದೂಮ್ ಭಾಯಿ
ಹುಕ್ಕಾದ ಬಳ್ಳಿಗೆ ಕೂರಿಸಬೇಕಿದ್ದ ಬೆಳ್ಳಿ ತಂತಿಯಲ್ಲಿ
ಅರ್ಧ ಬೆರಳು ಕತ್ತರಿಸಿ ಕೊಟ್ಟ.
"ಬಾಕಿ ಬರೀತೀನಿ" ಎಂದ. ಬರೆಯಲಿಲ್ಲ.

ಎಲ್ಲ ಮುಗಿಯಿತೆಂದಾಗ ಕಾಕಾ ಅದನ್ನು ಮಗುಚಿ ಹಿಡಿದು
ಎಡ ರೆಕ್ಕೆಯ ಕೆಳಗೆ ಉಗುರು ಒತ್ತಿದ.
"ಇಲ್ಲೊಂದು ತ್ಯಾಪಿ ಹಾಕು.
ಗುಂಡು ಹೊಕ್ಕ ತೂತಿತ್ತು, ಅಂಗೈಯಷ್ಟು.
ರಾತ್ರಿ ಬ್ಯಾಟರಿಗೆ ಅರಿವಿ ಸುತ್ತಿ ಹಿಡಕೊಂಡು
ಎಣ್ಣಿ ಡಬ್ಬಿ ತಗಡು ಬಡದೆ.
ಬಣ್ಣ ತೀರಿತ್ತು. ತಗಡು ಹಂಗೇ ಹೊಳೀತಿತ್ತು."

ಅಂಗೈಯಷ್ಟು ಅಂದರೆ ನನ್ನ ಮೇಜಿನಲ್ಲಿ ಒಂದು ಮಿಲಿಮೀಟರು,
ಹೆಂಗಸರ ವಾಚಿನ ಸೆಕೆಂಡು ಮುಳ್ಳಿನ ತುದಿ.
ಉಸಿರು ಕಟ್ಟಿ ಬೆಳ್ಳಿಬಣ್ಣದ ಒಂದು ಚುಕ್ಕೆ ಇಟ್ಟೆ.
"ಮೂರು ದಿನ ಹಾರ್ತು, ನನ್ನ ತ್ಯಾಪಿ ಮ್ಯಾಲ.
ನಾಕನೇ ದಿನ..."
ಅಷ್ಟರಲ್ಲಿ ಚಹಾದ ಹುಡುಗ ಬಂದ.
ಎರಡು ಸಿಂಗಲ್, ಎಂದ ಕಾಕಾ.
ನಾಲ್ಕನೇ ದಿನವನ್ನು ನಾನು ಕೇಳಲಿಲ್ಲ.

ಡಬ್ಬಿಯ ಮೂಲೆಯಲ್ಲಿ ಪೈಲಟ್ ಉಳಿದಿದ್ದ,
ಮುಖ ಕೆತ್ತದ, ತೊಗರಿಕಾಳಿಗಿಂತ ತುಸು ದೊಡ್ಡವ.
"ಕೂರಿಸಲೇನು?"
ಕಾಕಾ ಅವನನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತ.
ಆಮೇಲೆ ಅಂಗಿಯ ಜೇಬಿಗೆ ಹಾಕಿ ಗುಂಡಿ ತೊಡಿಸಿದ.
"ಗಾಜು ತೆರದಿರ್ಲಿ. ಒಳಗ ಭಾಳ ಸೆಕಿ ಇರ್ತದ."

ಈಗ ವಿಮಾನ ನನ್ನ ಕಪಾಟಿನಲ್ಲೇ ಇದೆ;
ಮನೆಗೆ ಒಯ್ದರೆ ಹುಡುಗರು ಮುರೀತಾವಂತೆ.
ಬಂದವರು ಹಸಿರು ನೋಡುತ್ತಾರೆ, ಬೆಳ್ಳಿಮೂಗು ನೋಡುತ್ತಾರೆ,
ತಿರುವಿ ಯಾರೂ ನೋಡುವುದಿಲ್ಲ.
ಕಾಕಾ ಮಾತ್ರ ದಿನಾ ಬಂದು ಎರಡು ಬೆರಳಲ್ಲಿ ಮಗುಚುತ್ತಾನೆ,
ವಾಚಿನ ಹಿಂಬದಿಯ ನಂಬರು ಓದುವವನಂತೆ.

ಇವತ್ತೂ ಹತ್ತಕ್ಕೆ ಜೆಟ್ ಹಾದುಹೋಯಿತು.
ಓಣಿಯ ಹುಡುಗರೆಲ್ಲ ಕತ್ತೆತ್ತಿದರು.
ಕಾಕಾ ಎತ್ತಲಿಲ್ಲ.
ಬಸಿಯಲ್ಲಿ ಚಹಾ ಆರಿಸುತ್ತ ತನಗೆ ತಾನೇ ಅಂದುಕೊಂಡ:
"ಮುಂಜಾನಿ ಅದ್ರ ಕೆಳಗ ಯಾಂವ ಮಕ್ಕೊಂಡಿದ್ನೋ."