ಕಿವಿಯಾಡಿಸುವುದು

ಸಂಜೆ ಆರಕ್ಕೆ ಕಳಿಸಿದರು ಪುರಸಭೆಯವರು,
ಏಳುನೂರ ಹನ್ನೆರಡು ಪುಟ.
ಬೆಳಿಗ್ಗೆ ಹತ್ತಕ್ಕೆ ಸಭೆ.
"ಸುಮ್ಮನೆ ಒಮ್ಮೆ ಕಣ್ಣಾಡಿಸಿ, ಸೆನ್ಯೋರಾ ಎಡೆಲ್ಮಿರಾ" ಎಂದ
ಫೋನಿನಲ್ಲಿ ಗುಮಾಸ್ತ.
ಆಮೇಲೆ ನಾಲಿಗೆ ಕಚ್ಚಿಕೊಂಡ.
ಕಚ್ಚಿದ್ದು ನನಗೆ ಕೇಳಿಸಿತು.

ಆಗಲಿ ಮಾರಾಯ, ಕಿವಿಯಾಡಿಸುತ್ತೇನೆ.

ನನ್ನ ಕಂಪ್ಯೂಟರಿನೊಳಗೆ ಒಬ್ಬಳಿದ್ದಾಳೆ, ಮ್ಯಾಡ್ರಿಡ್‌ನವಳು.
ಚಿಲಿಯ ದನಿ ಕೊಳ್ಳಲು ಆಗ ದುಡ್ಡಿರಲಿಲ್ಲ.
ನಮ್ಮ ಗುಡ್ಡದ ಹೆಸರನ್ನು
ಹಲ್ಲಿನ ನಡುವೆ ನಾಲಿಗೆ ತೂರಿ ಉಸುರುತ್ತಾಳೆ,
ಬಿಸಿ ಸಾರು ಕುಡಿದು ಸುಟ್ಟುಕೊಂಡವಳ ಹಾಗೆ.
ಹನ್ನೊಂದು ವರ್ಷ ಜೊತೆಗಿದ್ದೂ
ವಾಲ್ಪರೈಸೊದ ಒಂದು ಬೈಗುಳ ಕಲಿತಿಲ್ಲ.

ವೇಗ ಏರಿಸುತ್ತೇನೆ. ಇನ್ನಷ್ಟು.
"ಅಜ್ಜೀ, ಪೆಟ್ಟಿಗೆಯಲ್ಲಿ ಕಣಜ ಸಿಕ್ಕಿಕೊಂಡಿದೆ!"
ಪಕ್ಕದ ಮನೆಯ ಲಿಸಾಂದ್ರೊ.
ಕಣಜವಲ್ಲ ಕಂದಾ, ಅಧ್ಯಾಯ ಎರಡು, ಹಣಕಾಸು.

ಎಚ್ ಕೀಲಿ ಒತ್ತಿದರೆ ಶೀರ್ಷಿಕೆಯಿಂದ ಶೀರ್ಷಿಕೆಗೆ
ಹಾರಬೇಕು, ಕಲ್ಲಿನಿಂದ ಕಲ್ಲಿಗೆ ಹೊಳೆ ದಾಟಿದಂತೆ.
ಒತ್ತಿದೆ. "ಮುಂದೆ ಶೀರ್ಷಿಕೆ ಇಲ್ಲ."
ಅಕ್ಷರ ದಪ್ಪ ಮಾಡಿ ಶೀರ್ಷಿಕೆ ಎಂದುಕೊಂಡಿದ್ದಾರೆ.
ಕಣ್ಣಿಗಷ್ಟೇ ದಪ್ಪ.
ನನ್ನ ತಕ್ಕಡಿಯಲ್ಲಿ ಎಲ್ಲವೂ ಒಂದೇ ತೂಕ.

ಹಾಗಾದರೆ ಉಳಿದದ್ದು ಕಟುಕರ ದಾರಿ:
ಪ್ರತಿ ಪ್ಯಾರಾದ ಮೊದಲ ಎರಡು ಮೂರು ಪದ ಕೇಳುವುದು,
ಕತ್ತು ಹಿಸುಕುವುದು.
ಮೇಲೆ ತಿಳಿಸಿರುವಂತೆ— ಸಾಕು.
ಈ ನಿಟ್ಟಿನಲ್ಲಿ— ಸಾಕು.
ಸಾರ್ವಜನಿಕ ಹಿತದೃಷ್ಟಿಯಿಂದ— ಸಾಕು ತಾಯೀ, ಸಾಕು.
ಚಿತ್ರ. ಚಿತ್ರ. ಚಿತ್ರ ನಲವತ್ತೊಂದು.
ಏನಿದೆ ಚಿತ್ರದಲ್ಲಿ? ಅವಳಿಗೂ ಗೊತ್ತಿಲ್ಲ.
ಗೋಡೆಯೆದುರು ನಿಂತ ಇಬ್ಬರು ಹೆಂಗಸರು,
ಅರೆಗಳಿಗೆ.

ಮಧ್ಯರಾತ್ರಿ "ಮುಚ್ಚುವುದು" ಎಂಬ ಪದ ಹುಡುಕಿಸಿದೆ. ಸೊನ್ನೆ.
ನಮ್ಮ ಹಳಿಗಾಡಿಯನ್ನು,
ಸಮುದ್ರದಿಂದ ಗುಡ್ಡಕ್ಕೆ ನರಳುತ್ತ ಹತ್ತುವ
ಆ ಮರದ ಪೆಟ್ಟಿಗೆಯನ್ನು,
ಇವರು ಮುಚ್ಚುತ್ತಿಲ್ಲವಂತೆ.
"ಸೇವೆಯ ಮರುಹೊಂದಾಣಿಕೆ":
ಅರವತ್ತನಾಲ್ಕು ಬಾರಿ.

ಮೂರು ಗಂಟೆಗೆ ಅನುಬಂಧ ಒಂಬತ್ತು.
ತಲೆಸಾಲು ಇಲ್ಲದ ಕೋಷ್ಟಕ.
ಐದು ನಲವತ್ತು, ಹೌದು, ಇಲ್ಲ, ಎರಡು, ಸೊನ್ನೆ.
ಯಾವುದು ಹೌದು? ಯಾರು ಎರಡು?
ಮನೆಮನೆಯ ಬಾಗಿಲು ಬಡಿದಂತೆ
ಒಂದೊಂದೇ ಚೌಕಕ್ಕೆ ಇಳಿದೆ. ಅಲ್ಲಿ,
ಹದಿನೇಳನೆಯ ಸಾಲಿನಲ್ಲಿ, ಕೂತಿದ್ದೆ
ನಾನು.

ಮಹಿಳೆ. ಸುಮಾರು ಅರವತ್ತು. ಬಿಳಿ ಕೋಲು.
ಸಮೀಕ್ಷೆ: ಅನ್ವಯಿಸುವುದಿಲ್ಲ.

ನೆನಪಾಯಿತು. ಹೊಸ ಬೂಟಿನ ವಾಸನೆಯ ಹುಡುಗ.
ಪೆಟ್ಟಿಗೆ ಏರುವಷ್ಟು ಹೊತ್ತು ಎಲ್ಲರನ್ನೂ ಕೇಳಿದ:
ದಿನಕ್ಕೆ ಎಷ್ಟು ಸಲ, ಯಾವ ಕೆಲಸಕ್ಕೆ,
ನೂರ ಎಂಬತ್ತು ಮೆಟ್ಟಿಲು ಹತ್ತಬಲ್ಲಿರಾ?
ಉತ್ತರ ಸಿದ್ಧ ಮಾಡಿಕೊಂಡು ಕೂತಿದ್ದೆ.
ಗಂಟಲೂ ಸರಿಪಡಿಸಿಕೊಂಡಿದ್ದೆ.
ಪೆನ್ಸಿಲು ನನ್ನ ಬಳಿ ಒಮ್ಮೆ ಗೀಚಿ
ಪಕ್ಕದವರಿಗೆ ಹಾರಿತು.

ಮೊದಲ ಮೂರು ಪದವನ್ನೂ ಕೇಳಲಿಲ್ಲ ಅವನು.

ಸಿಟ್ಟು ಬಂತು, ನಿಜ. ಸಿಟ್ಟಿನ ಹಿಂದೆಯೇ
ಇನ್ನೊಂದು ಬಂತು, ಅದಕ್ಕೆ ಹೆಸರಿಡಲಾರೆ.
ಬೆರಳು ಇನ್ನೂ ಕೀಲಿಯ ಮೇಲಿತ್ತು:
ರಾತ್ರಿಯೆಲ್ಲ ಹಾರಿದ ಬೆರಳು.

ವೇಗ ಇಳಿಸಿದೆ. ಇನ್ನೂ ಇಳಿಸಿದೆ.
ಮ್ಯಾಡ್ರಿಡ್‌ನವಳಿಗೆ ಉಸಿರು ಬಂದಂತಾಯಿತು.
ಮೊದಲ ಸಾಲಿನಿಂದ ಶುರು ಮಾಡು, ಎಂದೆ.

ಗಂಡಸು, ಮೀನಿನ ಬಕೆಟ್ಟು, ದಿನಕ್ಕೆ ಎರಡು ಸಲ.
ಅದು ಎಲೆಉತೇರಿಯೊ, ಆ ವಾಸನೆ ನಾನು ಬಲ್ಲೆ.
ಇಬ್ಬರು ಹೆಂಗಸರು, ಆಸ್ಪತ್ರೆಯ ಕಸಗುಡಿಸುವವರು.
ಒಬ್ಬಳು ಓಫೆಲಿಂಡಾ. ಇನ್ನೊಬ್ಬಳು?
ಹತ್ತು ವರ್ಷ ಅವಳ ಪಕ್ಕ ಕೂತಿದ್ದೇನೆ,
ಕೇಳಿಲ್ಲ.
ಹುಡುಗ, ಬ್ರೆಡ್ಡಿನ ಬುಟ್ಟಿ, ಮಂಡಿ ನೋವು.
ಹುಡುಗನಿಗೆ ಮಂಡಿ ನೋವೇ?

ಹೀಗೆ ಹದಿನಾರು ಜನ ಬಂದು ಕೂತರು ಕೋಣೆಯಲ್ಲಿ.

ಹದಿನೇಳನೆಯ ಸಾಲು ತಲುಪುವಷ್ಟರಲ್ಲಿ
ಕೆಳಗೆ ಉಕ್ಕಿನ ಹಗ್ಗ ನರಳಿತು.
ಐದು ನಲವತ್ತು.
"ಸಮೀಕ್ಷೆ: ಅನ್ವ—" ಎನ್ನುವಾಗಲೇ
ಅವಳ ಬಾಯಿ ಮುಚ್ಚಿಸಿ
ಕೋಲು ಎತ್ತಿಕೊಂಡೆ.