ಎಲಿ ಹಚ್ಚೂ ಕೆಲಸ

ತಾರಿಹಾಳದ ಶೆಡ್ಡಿನಾಗ ನನ್ನ ಕೆಲಸ ಎಲಿ ಹಚ್ಚೂದು.
ಗಿಡಕ್ಕಲ್ಲ, ಪಾಕೀಟಿಗೆ.
ಒಂದಽ ಬಾಣಲಿ, ಒಂದಽ ಪಾಮೆಣ್ಣಿ.
ಎಡಕ್ಕ ಹೋದದ್ದು ಕೆಂಪು ಪಾಕೀಟು, ಹತ್ತು ರೂಪಾಯಿ.
ಬಲಗಡಿ ಹಿಟ್ಟಿಗೆ ಒಂದು ಬೊಗಸಿ ಜ್ವಾಳ ಬೆರೆಸಿರತಾರ,
ಅದಕ್ಕ ಮಣ್ಣಿನ ಬಣ್ಣದ ಕಾಗದದ ಅಂಗಿ,
ಎದಿಮ್ಯಾಲ ನಾ ಹಚ್ಚೂ ಹಸರು ಎಲಿ. ನಲವತ್ತೈದು.

ಇದು ಯಾವ ಗಿಡದ್ದ್ರೀ, ಅಂತ ದಿಲಶಾದ ಕೇಳಿದ್ಳು ಒಮ್ಮೆ.
ಅರವಟಗಿ ಸರ್ ಫೋನಿನಿಂದ ತಲಿ ಎತ್ತಲಾರದ
"ಮಾರಾಟದ ಗಿಡದ್ದು" ಅಂದ್ರು.

ಸುಳ್ಳು ಒಂದಕ್ಷರ ಇಲ್ಲ ಅದರ ಮ್ಯಾಲ.
ಕೊಲೆಸ್ಟ್ರಾಲ್ ಇಲ್ಲ: ಕೆಂಪು ಪಾಕೀಟಿನಾಗೂ ಇಲ್ಲ.
ಅಜ್ಜಿ ಕಾಲದ ಜೋಳದ ಸತ್ವ: ನೂರಕ್ಕ ನಾಲ್ಕು,
ಬೆನ್ನಿನ ಕಡೆ, ಇರಿವಿ ಸಾಲಿನಂಥ ಅಕ್ಷರದಾಗ.
ಯಾರ ಅಜ್ಜಿ ಅಂತ ಕೇಳಬ್ಯಾಡ್ರಿ.
ನಮ್ಮಜ್ಜಿ ಜ್ವಾಳ ತಿಂದಾಕಿ ಖರೆ, ರೊಟ್ಟಿ ಬಡದು;
ಎಣ್ಣಿ ಅಂದ್ರ ಆಕಿಗೆ ತಲಿಗೆ ಹಚ್ಚೂದು.

ದುರ್ಗದ ಬೈಲಿನ ಗಿರ್ಮಿಟ್ ಗಾಡಿಯಾಂವನೂ
ಈಗ ಬೋರ್ಡ್ ಬರಿಸ್ಯಾನ: ಜೀರೋ ಕೊಲೆಸ್ಟ್ರಾಲ್.
ಪಾಪ, ಚುರಮರಿಗೆ ತಾನು ಇಷ್ಟು ದಿನ
ಪುಣ್ಯವಂತ ಇದ್ದದ್ದಽ ಗೊತ್ತಿರಲಿಲ್ಲ.
ಬಾಜೂಕ ಮಿರ್ಚಿ ಭಜಿ ಏನೂ ಬರಿಸಿಕೊಳ್ಳದ
ಸುಮ್ನ ಬೆವತು ಕುಂತಿತ್ತು.

ನಮ್ಮ ನೀಲಪ್ಪ ಕಾಕಾಗ ಸಕ್ಕರಿ, ಬಿಪಿ ಎರಡೂ.
ಭಜಿ ಕಂಡ್ರ ಹಾವು ತುಳದಂಗ ಸರೀತಾನ.
ಸಂಜಿಮುಂದ ಕಟ್ಟಿಮ್ಯಾಲ ಎಲಿ ಪಾಕೀಟು ಒಡದ್ನಂದ್ರ
ಗುಳಗಿ ನುಂಗುವಷ್ಟು ಭಕ್ತಿ,
ಒಂದಲ್ಲ, ಎರಡು.
"ಡಾಕ್ಟರು ಎಣ್ಣಿದು ಬ್ಯಾಡಂದಾರ. ಇದು ಎಲಿದು."

ನಿನ್ನೆ ತಡಕೊಳ್ಳಾಕ ಆಗಲಿಲ್ಲ.
ಪಾಕೀಟು ಡಬ್ಬ ಹಾಕಿ, ಬೀದಿ ಲೈಟಿಗೆ ಹಿಡದು ಓದಿದೆ:
ಮೈದಾ. ಪಾಮೆಣ್ಣಿ. ಸಕ್ಕರಿ.
ಉಪ್ಪು, ಮತ್ತ ಉಪ್ಪು ಬ್ಯಾರೆ ಹೆಸರಿನಾಗ.
ಕಡೀಕ ಜ್ವಾಳ,
ಪಂಕ್ತಿ ಎದ್ದಮ್ಯಾಲ ಬಂದ ಬೀಗರಂಗ.

ಕಾಕಾನ ಕೈ ಬಾಯಿ ಹಂತೇಕ ನಿಂತಿತು.
ನನ್ನ ನೋಡಲಿಲ್ಲ. ಎಲಿ ನೋಡಿದ.
ಉಗುರಿಲೆ ಕೆರದ, ಮತ್ತ ಕೆರದ.
ಬರಲಿಲ್ಲ.
ಛಲೋ ಅಂಟಸ್ತೀನಿ ನಾ.

"ಹಂಗಾರ ಅರ್ಧಾ ನೀ ತಿನ್ನು" ಅಂದ.
ತಿಂದೆ.
ಖರೇ ಹೇಳಬೇಕಂದ್ರ, ರುಚಿ ಇತ್ತು.